ಹಕ್ಕಲ ಆಯ್ದವರ ಓದು

ರೂತಳ ಕಥೆಯನ್ನು ಸುಗ್ಗಿಯಲ್ಲೇ ಓದಬೇಕು. ಎರೆಹೊಲ ಬಿರುಕು ಬಿಟ್ಟು, ಬಿಳಿಜೋಳದ ತೆನೆ ಬಲಿತು, ಹಾದಿಯಲ್ಲಿ ಹೋಗುತ್ತಿದ್ದರೂ ಒಣಗರಿಯ ಸಪ್ಪಳ ಕಿವಿಗೆ ಬೀಳುವ ದಿನಗಳಲ್ಲಿ ಓದಬೇಕು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ನಾಲ್ಕೇ ಅಧ್ಯಾಯದ ಪುಟ್ಟ ಪುಸ್ತಕವದು. ಅವಸರದವರು ಅರ್ಧ ತಾಸಿನಲ್ಲಿ ಮುಗಿಸಿ ಮುಂದಕ್ಕೆ ಹೋಗಿಬಿಡಬಹುದು. ನಮ್ಮ ಕೂಟದಲ್ಲಿ ಮಾತ್ರ ಜೋಳ ಕೀಳುವಾಗ ಶುರುವಾದ ಓದು ರಾಶಿ ಮನೆಗೆ ಬರುವವರೆಗೂ ನಡೆಯುತ್ತದೆ. ಅದರ ರುಚಿ ನನಗೆ ಹತ್ತಿದ್ದೇ ಹಾಗೆ ನಿಧಾನವಾಗಿ ಓದಿದ್ದರಿಂದ.

ಕೂಟವೆಂದರೆ ದೊಡ್ಡದೇನಲ್ಲ. ಕೃಷ್ಣೆ, ಘಟಪ್ರಭೆಯರ ನಡುವಿನ ಈ ನೆಲದಲ್ಲಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ, ಕ್ರೈಸ್ತರ ಮನೆಗಳು ಬಹಳ ಕಡಿಮೆ. ಒಂದೂರಿನವರ ಮನೆಗೆ ಇನ್ನೊಂದೂರಿನವರು ಬಸ್ಸು ಹಿಡಿದೇ ಬರಬೇಕು. ವಾರಕ್ಕೊಮ್ಮೆ ಯಾರಾದರೊಬ್ಬರ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡುತ್ತೇವೆ. ಒಂದು ಹಾಡು, ಪ್ರಾರ್ಥನೆ, ಒಂದು ಅಧ್ಯಾಯದ ಓದು, ಆಮೇಲೆ ಮಾತು. ರವಿವಾರದ ಆರಾಧನೆಯಲ್ಲಿ ಅಯ್ಯನವರು ಬೋಧಿಸುತ್ತಾರೆ, ನಾವು ಕೇಳುತ್ತೇವೆ. ವಾರದ ಕೂಟದಲ್ಲಿ ಹಾಗಿಲ್ಲ, ಎಲ್ಲರೂ ಬಾಯಿಬಿಡಲೇಬೇಕು. ಬನಹಟ್ಟಿಯಲ್ಲಿ ಕೂಡುವುದಾದರೆ ಹೊತ್ತು ಗೊತ್ತು ಮಾಡುವುದು ಕರೆಂಟು. ಮಗ್ಗ ನಡೆದಿರುವಾಗ ಓಣಿಯಲ್ಲಿ ನಿಂತವರಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ನೇಕಾರರು ಕೈ ಒರೆಸಿಕೊಂಡು ಬಂದು ಕೂಡುತ್ತಾರೆ. ಓದು ಅರ್ಧಕ್ಕೆ ಬಂದಾಗ ಕರೆಂಟು ತಿರುಗಿ ಬಂದರೆ ಇಬ್ಬರು ಮೂವರು ಎದ್ದು ಹೋಗುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ. ಹೊಟ್ಟೆಪಾಡು ಇದ್ದಲ್ಲೇ ಈ ಓದೂ ಇರಬೇಕಾದದ್ದು.

ಕೂಡುವವರು ಯಾರೆಂದರೆ: ಮಗ್ಗ ನಡೆಸುವ ಕೂಲಿಕಾರರು, ನಾಲ್ಕು ಮಗ್ಗದ ಒಬ್ಬ ಮಾಲಕರು, ಕಂಡಿಕೆ ಸುತ್ತಿ ಮನೆ ನಡೆಸುವ ಒಬ್ಬ ವಿಧವೆ, ಮುಧೋಳ ಕಡೆಯ ಒಬ್ಬ ನರ್ಸಬಾಯಿ, ಕಬ್ಬು ಬೆಳೆಯುವ ಒಬ್ಬ ಒಕ್ಕಲಿಗರು, ಓದು ಬರಹ ಬಾರದ ಒಬ್ಬ ಆಯಿ, ಮತ್ತು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು. ಓದುವ ಕೆಲಸ ಹೆಚ್ಚಾಗಿ ನನ್ನದು. ಓದಿ ಮುಗಿದ ಮೇಲೆ ನಾವು ಕೇಳಿಕೊಳ್ಳುವ ಪ್ರಶ್ನೆ ಒಂದೇ. ನಾಳೆ ಮುಂಜಾನೆ ಎದ್ದು ಇದರಿಂದ ಏನು ಮಾಡುವುದು? ಉತ್ತರ ಸಿಗದಿದ್ದರೆ ಮುಂದಿನ ವಾರ ಅದೇ ಅಧ್ಯಾಯವನ್ನು ಮತ್ತೆ ಓದುತ್ತೇವೆ.

ನನಗೆ ಗಟ್ಟಿಯಾಗಿ ಅನ್ನಿಸಿರುವ ಮಾತೊಂದಿದೆ. ಈ ಗ್ರಂಥವನ್ನು ಬರೆದವರೂ ಮೊದಲು ಕೇಳಿದವರೂ ಕಾಳು, ನೂಲು, ಸಾಲ, ನೀರು ಇವುಗಳ ನಡುವೆಯೇ ಬಾಳಿದ ಜನ. ನಮ್ಮೂರುಗಳ ಜನರ ಬದುಕೂ ಅವುಗಳ ನಡುವೆಯೇ ಸಾಗುತ್ತದೆ. ಹಾಗಾಗಿ ಇದಕ್ಕೆ ಒಳ್ಳೆಯ ಭಾಷ್ಯಕಾರರು ನಮ್ಮ ಜಮಖಾನೆಯ ಮೇಲೆಯೇ ಕೂತಿರುತ್ತಾರೆ. ಗ್ರಂಥಾಲಯದ ವ್ಯಾಖ್ಯಾನಗಳ ಬಗ್ಗೆ ನನಗೆ ಗೌರವವಿದೆ, ಸಿಕ್ಕಷ್ಟು ಓದಿದ್ದೇನೆ. ಆದರೂ ರೂತಳ ವಿಷಯದಲ್ಲಿ ಆ ಆಯಿ ಹೇಳಿದ್ದನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ.

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಬೇತ್ಲೆಹೇಮಿನಲ್ಲಿ ಬರ ಬಿದ್ದು ನೊವೊಮಿ ಎಂಬಾಕೆ ಗಂಡನೊಂದಿಗೆ, ಇಬ್ಬರು ಗಂಡುಮಕ್ಕಳೊಂದಿಗೆ ಮೋವಾಬ್ ದೇಶಕ್ಕೆ ಗುಳೆ ಹೋಗುತ್ತಾಳೆ. ಅಲ್ಲಿ ಗಂಡ ಸಾಯುತ್ತಾನೆ, ಆಮೇಲೆ ಮಕ್ಕಳಿಬ್ಬರೂ ಸಾಯುತ್ತಾರೆ. ಊರಿಗೆ ತಿರುಗಿ ಹೊರಟ ಅತ್ತೆಯನ್ನು ಬಿಡದೆ ಹಿಂಬಾಲಿಸುವವಳು ಮೋವಾಬಿನವಳಾದ ಸೊಸೆ ರೂತಳು. ಇಬ್ಬರೂ ಬೇತ್ಲೆಹೇಮಿಗೆ ಬಂದು ಮುಟ್ಟುವ ಹೊತ್ತಿಗೆ ಜವೆಗೋದಿಯ ಸುಗ್ಗಿ ಶುರುವಾಗಿರುತ್ತದೆ. ಮನೆಯಲ್ಲಿ ಕಾಳಿಲ್ಲ. ಸೊಸೆ ಹಕ್ಕಲ ಆಯಲು ಹೋಗುತ್ತಾಳೆ. ಹೊಲ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬಾರದು, ಬಿದ್ದ ತೆನೆ ಆರಿಸಬಾರದು, ಅದು ಬಡವರಿಗೂ ಪರದೇಶದವರಿಗೂ ಸೇರಿದ್ದು ಎಂದು ಯಾಜಕಕಾಂಡದಲ್ಲಿ ಕಟ್ಟಳೆಯಿದೆ. ಮರೆತುಬಿಟ್ಟ ಸಿವುಡನ್ನು ತರಲು ತಿರುಗಿ ಹೋಗಬಾರದೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ರೂತಳು ಕಾಲಿಟ್ಟ ಹೊಲ ಬೋವಜನೆಂಬ ಸ್ಥಿತಿವಂತನದು.

ಒಂದು ಸಂಜೆ ನಾನು ಎರಡನೆಯ ಅಧ್ಯಾಯ ಓದುತ್ತಿದ್ದೆ. ಬೋವಜ ಎಷ್ಟು ಉದಾರಿ ನೋಡಿರಿ, ಬೇಕಂತಲೇ ಸಿವುಡಿನಿಂದ ತೆನೆ ಹಿರಿದು ಬೀಳಿಸಲು ಆಳುಗಳಿಗೆ ಹೇಳುತ್ತಾನೆ ಎಂದು ನಮ್ಮ ಮಾತು ಹೊರಟಿತ್ತು. ಗೋಡೆಗೆ ಒರಗಿ ಕೂತಿದ್ದ ಆಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ನಾ ಆದೇನಲ್ಲ ಹಕ್ಕಲ" ಎಂದಳು. ಎಲ್ಲರೂ ಅವಳ ಕಡೆ ತಿರುಗಿದೆವು.

"ಹಕ್ಕಲ ಆಯಾಕ ಹೋದಾಕಿ ತಲಿ ಎತ್ತಿ ನೋಡೂದಿಲ್ಲ ತಮ್ಮಾ. ತೆನಿ ಎಲ್ಲಿ ಬಿದ್ದಾವು ಅನ್ನೂದ ಕಣ್ಣಾಗ ಇರತೈತಿ. ಹೊಲದವರು ಬರೂ ಸಪ್ಪಳ ಕೇಳಿತಂದ್ರ ಎದಿ ಡವಡವ ಅಂತೈತಿ. ಬೈತಾರೋ, ಉಡ್ಯಾಗಿಂದು ಚೆಲ್ಲಸತಾರೋ ಅಂತ. ಕಾಳು ಬಿಡೂದು ಏನ್ ದೊಡ್ಡದು, ಹೊಲಾನ ಬಿಡತೈತಿ. ಬೈಲಾರದಂಗ ಬಿಡೂದು ದೊಡ್ಡದು. ಅದನ್ನ ಇನ್ನೊಮ್ಮಿ ಓದು, ಅಂವಾ ಆಳಮಕ್ಕಳಿಗೆ ಏನ್ ಹೇಳಿದಾ?"

ತಿರುಗಿ ಓದಿದೆ. ನಿಜವಾಗಿಯೂ ಅಲ್ಲಿದೆ. ತೆನೆ ಬೀಳಿಸಿರಿ ಎಂಬ ಅಪ್ಪಣೆ ಒಂದು ಸಲ ಬಂದರೆ, ಅವಳಿಗೆ ಅವಮಾನ ಮಾಡಬೇಡಿರಿ, ಗದರಿಸಬೇಡಿರಿ ಎಂಬ ಅಪ್ಪಣೆ ಅದರ ಹಿಂದೊಮ್ಮೆ ಮುಂದೊಮ್ಮೆ, ಎರಡು ಸಲ ಬಂದಿದೆ. ಉಡಿಯಲ್ಲಿ ಹಕ್ಕಲು ಕಟ್ಟಿಕೊಂಡು ತಿರುಗಿದವಳಿಗಷ್ಟೇ ಅದು ಕೇಳಿಸಿತು.

ಅಲ್ಲಿಂದ ಮುಂದೆ ಆ ಅಧ್ಯಾಯ ಆಯಿಯ ಕೈಗೆ ಹೋಯಿತು. ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ಬೋವಜ ಅವಳನ್ನು ಕರೆದು ಕೂರಿಸಿ, ಹುರಿದ ಕಾಳು ಕೊಡುತ್ತಾನೆ. ಅವಳು ಉಂಡು ತೃಪ್ತಿಯಾಗಿ ಉಳಿದದ್ದನ್ನು ತೆಗೆದಿಡುತ್ತಾಳೆ. ಹುರಿದ ಕಾಳೆಂದ ಕೂಡಲೇ ನಮ್ಮವರಿಗೆಲ್ಲ ಸೀತನಿ ನೆನಪಾಯಿತು. ಎಳೆ ಜೋಳದ ತೆನೆಯನ್ನು ಹೊಲದಲ್ಲೇ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಹಿಂಡಿ ಹಚ್ಚಿಕೊಂಡು ಬಿಸಿಬಿಸಿ ಮುಕ್ಕುವ ಆ ರುಚಿಯ ಮಾತು ಸುಮಾರು ಹೊತ್ತು ನಡೆಯಿತು. ಆಯಿ ಬಿಡಲಿಲ್ಲ. "ಉಳದದ್ದು ಎದರಾಗ ಇಟ್ಕೊಂಡ್ಲು?" ಎಂದು ಕೇಳಿದಳು. ಬರೆದಿಲ್ಲ ಎಂದೆ. "ಉಡ್ಯಾಗ. ಮತ್ತ್ಯಾವುದರಾಗ? ಅತ್ತಿ ಮನ್ಯಾಗ ಉಪಾಸ ಅದಾಳಂತ ಆಕಿಗೆ ಗೊತ್ತಿತ್ತು." ಸಂಜೆ ಸೊಸೆ ಮನೆಗೆ ಬಂದು ಆ ಉಳಿಸಿದ್ದನ್ನು ಅತ್ತೆಗೆ ಕೊಡುವ ಸಾಲು ಮುಂದೆ ಬರುತ್ತದೆ. ನಾನಿನ್ನೂ ಓದಿರಲಿಲ್ಲ, ಆಯಿ ಮುಂಚೆಯೇ ಹೇಳಿದ್ದಳು.

ಅವಳ ಇನ್ನೊಂದು ಮಾತನ್ನೂ ಹೇಳಬೇಕು. ಅಂದು ರೂತಳು ಆಯ್ದು ಬಡಿದು ತೆಗೆದ ಜವೆಗೋದಿ ಒಂದು ಏಫಾ. ಅದು ಹೆಚ್ಚುಕಡಿಮೆ 22 ಲೀಟರು ಹಿಡಿಯುವ ಅಳತೆ. ಡಬ್ಬಿಯ ಲೆಕ್ಕದಲ್ಲಿ ಅದು ಎಷ್ಟಾಗುತ್ತದೆಂದು ಕೈಯಿಂದ ತೋರಿಸಿದೆ. ಆಯಿ ಕಣ್ಣು ದೊಡ್ಡದು ಮಾಡಿದಳು. ಒಬ್ಬ ಹೆಣ್ಣುಮಗಳು ಒಂದು ದಿನಕ್ಕೆ ಅಷ್ಟು ಹಕ್ಕಲ ಆಯುವುದು ಆಗದ ಮಾತು ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಆ ಹುಡುಗರು ಧಣೇರ ಮಾತು ಕೇಳ್ಯಾರ" ಎಂದಳು. ಆಳುಗಳು ಬೋವಜನ ಮಾತು ನಡೆಸಿದರೋ ಇಲ್ಲವೋ ಎಂದು ಗ್ರಂಥ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಳಿನ ಅಳತೆಯಿಂದಲೇ ಆಯಿ ಅದನ್ನು ಕಂಡುಹಿಡಿದಳು.

ಮೂರನೆಯ ಅಧ್ಯಾಯ ಗಂಡಸರ ಪಾಲಿಗೆ ಬಂತು. ಬೋವಜ ಸಂಜೆಗಾಳಿಗೆ ಜವೆಗೋದಿ ತೂರಿ, ಉಂಡು, ರಾಶಿಯ ಬದಿಗೇ ಮಲಗುತ್ತಾನೆ. ಕಣದಲ್ಲಿ ರಾಶಿ ಕಾಯುತ್ತ ಮಲಗಿದವರಿಗೆ ಅಷ್ಟು ದೊಡ್ಡ ಕುಳ ಅಲ್ಲಿ ಯಾಕೆ ಮಲಗಿದ ಎಂದು ವಿವರಿಸಬೇಕಾಗಲಿಲ್ಲ. ಹಂತಿ ಹೊಡೆಯುತ್ತ ರಾತ್ರಿಯೆಲ್ಲ ಹಾಡುತ್ತಿದ್ದ ಕಾಲ, ಮೇಟಿಯ ಸುತ್ತ ಎತ್ತು ತಿರುಗುತ್ತಿದ್ದದ್ದು, ಚಾದರದ ಮೇಲೆ ಬೀಳುತ್ತಿದ್ದ ಇಬ್ಬನಿ, ಎಲ್ಲ ನೆನಪಾದವು. ಈಗ ಮಷೀನು ಬಂದು ಒಂದೆರಡು ತಾಸಿನಲ್ಲಿ ಒಕ್ಕಿ ಹೋಗುತ್ತದೆ. ಅದೂ ಜೋಳ ಇದ್ದಲ್ಲಿ. ನೀರಾವರಿ ಬಂದ ಮೇಲೆ ಮುಧೋಳ, ಜಮಖಂಡಿಯ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಕಬ್ಬು.

ಕಬ್ಬಿನಲ್ಲಿ ಹಕ್ಕಲು ಎಲ್ಲಿಂದ ಬರಬೇಕು? ನಾಳೆ ಮುಂಜಾನೆ ಏನು ಮಾಡುವುದು ಎಂಬ ನಮ್ಮ ಪ್ರಶ್ನೆ ಇಲ್ಲಿಗೆ ಬಂದು ಸಿಕ್ಕಿಕೊಂಡಿತು. ನಮ್ಮ ಒಕ್ಕಲಿಗರು ಬಹಳ ಹೊತ್ತು ಮಾತಾಡಲಿಲ್ಲ. ಕಬ್ಬು ಕಡಿಯಲು ದೂರದ ಒಣಭೂಮಿಯ ಊರುಗಳಿಂದ, ಮಹಾರಾಷ್ಟ್ರದ ಕಡೆಯಿಂದಲೂ ಕೂಲಿಯವರ ಗುಂಪುಗಳು ಹೆಂಡಿರು ಮಕ್ಕಳೊಂದಿಗೆ ಬರುತ್ತವೆ. ಹೊಲದ ಬದಿಗೆ ಗುಡಿಸಲು ಹಾಕಿಕೊಂಡು, ನಸುಕಿಗೇ ಎದ್ದು ಕೊಯ್ತ ಹಾಕುತ್ತವೆ. ಅವರ ಭಾಷೆ ಬೇರೆ, ಊರು ಬೇರೆ. ನಮ್ಮ ಪಾಲಿನ ಮೋವಾಬಿನವರು ಅವರೇ. ಇನ್ನೊಂದು ಕಡೆಯಿಂದ ಊರಿನ ಬಡ ಹೆಣ್ಣುಮಕ್ಕಳು ಎಮ್ಮೆಗೆಂದು ಕಬ್ಬಿನ ತುದಿಯ ಹಸಿರು ಸೋಗೆ ಒಯ್ಯಲು ಬರುತ್ತಾರೆ, ಬೈಸಿಕೊಂಡೇ ಒಯ್ಯುತ್ತಾರೆ. ಮರುವಾರ ಒಕ್ಕಲಿಗರು ಬಂದು ಹೇಳಿದ್ದು ಇಷ್ಟು: ಬೋರ್‌ವೆಲ್ಲಿನ ಬದಿಗೆ ಒಂದು ಬ್ಯಾರಲ್ಲು ಇಟ್ಟು, ಕಡಿಯುವವರು ಕುಡಿಯಲು ಬೇರೆ ನೀರು ತುಂಬಿಸಿದ್ದಾರೆ. ರೂತಳಿಗೆ ಬಾಯಾರಿದರೆ ಆಳುಗಳು ಸೇದಿಟ್ಟ ಕೊಡದಿಂದಲೇ ಕುಡಿ ಎಂದು ಬೋವಜ ಹೇಳುತ್ತಾನಲ್ಲ, ಅದರಿಂದ ಹೊಳೆದದ್ದಂತೆ. ಸೋಗೆಗೆ ಬಂದವರನ್ನು ಗದರಬಾರದೆಂದು ಮಗನಿಗೂ ತಾಕೀತು ಮಾಡಿದ್ದಾರೆ. ಆಯಿ ಕೇಳಿ ತಲೆಯಾಡಿಸಿದಳು. ಅವಳ ಒಪ್ಪಿಗೆ ಸಿಕ್ಕಮೇಲೆ ನಾವು ನಾಲ್ಕನೆಯ ಅಧ್ಯಾಯಕ್ಕೆ ಹೋದೆವು.

ಈ ಗ್ರಂಥ ಕನ್ನಡಕ್ಕೆ ಬಂದ ದಾರಿಯೂ ನನಗೆ ಪ್ರೀತಿಯ ವಿಷಯ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತರು. ಅವರೂ ವಿಲಿಯಂ ರೀವ್ ಮೊದಲಾದ ಜೊತೆಗಾರರೂ ದುಡಿದು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿ, ಗದಗ-ಬೆಟಗೇರಿಗಳಿಗೆ ಬಂದರು. 1851ರಲ್ಲಿ ನಮ್ಮ ಜಿಲ್ಲೆಯ ಗುಳೇದಗುಡ್ಡಕ್ಕೂ ಬಂದರು. ಖಣಕ್ಕೆ ಹೆಸರಾದ, ಮನೆಮನೆಯಲ್ಲಿ ಮಗ್ಗವಿದ್ದ ಊರು ಅದು. ನನ್ನ ಹಿರಿಯರು ಆ ಊರಿನ ನೇಕಾರರು. ಅವರು ಕುಣಿಮಗ್ಗದಲ್ಲಿ ಕೂತು ಕೇಳಿದ ಮಾತುಗಳೇ ನನ್ನವರೆಗೆ ಬಂದಿವೆ. ಶಬ್ದಕೋಶದಿಂದ ನಾವೆಲ್ಲ ಬಲ್ಲ ಕಿಟ್ಟೆಲರು ಕ್ರಿಸ್ತನ ಕಥೆಯನ್ನು 1862ರಲ್ಲಿ ಕನ್ನಡದ ಪದ್ಯದಲ್ಲಿ 'ಕಥಾಮಾಲೆ'ಯಾಗಿ ಹೇಳಿದರು.

ಇವರೆಲ್ಲರ ಮೇಲೆ ಗೌರವವಿದ್ದರೂ ನನಗೆ ಹತ್ತಿರದವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಹುಟ್ಟಿ 1962ರವರೆಗೆ ಬಾಳಿದ ಅವರು ಬಾಸೆಲ್ ಮಿಷನ್ನಿನ ಸಭಾಪಾಲಕರು. ಸರ್ವಜ್ಞನ ವಚನಗಳನ್ನು ಓಲೆಗರಿಗಳಿಂದಲೂ ಜನರ ಬಾಯಿಂದಲೂ ಕೂಡಿಹಾಕಿ 1924ರಲ್ಲಿ ಹೊರತಂದವರು. ಶರಣರ ಅನುಭವಮಂಟಪದ ಮೇಲೆ ಬರೆದವರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಒಂದು ಕೈಯಲ್ಲಿ ಸುವಾರ್ತೆ, ಇನ್ನೊಂದು ಕೈಯಲ್ಲಿ ಸರ್ವಜ್ಞ. ಎರಡರಲ್ಲಿ ಯಾವುದನ್ನೂ ಅವರು ಕೆಳಗಿಡಲಿಲ್ಲ. ನನ್ನ ಶಾಲೆಯ ಮಕ್ಕಳಿಗೆ ಮುಧೋಳದ ರನ್ನನನ್ನು ಕಲಿಸಿ, ಸಂಜೆ ಕೂಟದಲ್ಲಿ ಲೂಕನನ್ನು ಓದುವಾಗ ಅವರ ನೆನಪಾಗುತ್ತದೆ. ಬೈಬಲ್ ಓದುವುದಕ್ಕೆ ಕನ್ನಡದ ಕಿವಿಯನ್ನು ಬಾಗಿಲಾಚೆ ಬಿಟ್ಟು ಬರಬೇಕಾಗಿಲ್ಲ ಎಂಬ ಧೈರ್ಯ ನನಗೆ ಬಂದದ್ದು ಅವರಿಂದ.

ಬನಹಟ್ಟಿಯಲ್ಲಿ ಯೋಬನ ಪುಸ್ತಕ ಓದಿದ್ದು ಇನ್ನೊಂದು ಅನುಭವ. ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬ ತನ್ನ ದಿನಗಳು ನೇಕಾರನ ಲಾಳಿಗಿಂತ ಬೇಗ ಓಡಿ, ನಿರೀಕ್ಷೆಯಿಲ್ಲದೆ ತೀರಿಹೋಗುತ್ತಿವೆ ಎಂದು ಗೋಳಾಡುತ್ತಾನೆ. ಈ ಮಾತಿಗೆ ಆಯುಷ್ಯ ಬೇಗ ಕಳೆಯುತ್ತದೆ ಎಂದಷ್ಟೇ ಅರ್ಥ ಹೇಳಿ ನಾನು ಮುಂದೆ ಹೋಗುವವನಿದ್ದೆ. ಪವರ್‌ಲೂಮಿನಲ್ಲಿ ದುಡಿಯುವ ತರುಣ ತಡೆದ. "ಲಾಳಿ ಜೋರ್ ಓಡೂದು ಛಲೋನ ರೀ ಮಾಸ್ತರ. ಜೋರ್ ಓಡಿದಷ್ಟೂ ಮಜೂರಿ. ಕಂಡಕಿ ತೀರಿದ್ದು ಗೊತ್ತಾಗಲಾರದ ಓಡತಿರತೈತಲ್ಲ, ಅದು ಕೆಟ್ಟದ್ದು."

ನೇಯ್ಗೆ ಗೊತ್ತಿಲ್ಲದವರಿಗೆ ಅವನು ಬಿಡಿಸಿ ಹೇಳಿದ. ಲಾಳಿಯ ಹೊಟ್ಟೆಯೊಳಗೆ ನೂಲು ಸುತ್ತಿದ ಕಂಡಿಕೆ ಇರುತ್ತದೆ. ಹಾಸಿನ ಎಳೆಗಳ ನಡುವೆ ಲಾಳಿ ಆಚೀಚೆ ಓಡಿದಾಗ ಆ ನೂಲು ಬಿಚ್ಚಿಕೊಳ್ಳುತ್ತ ಹೊಕ್ಕಾಗುತ್ತದೆ, ಹಣಿಗೆ ಬಡಿದು ಅದನ್ನು ಕೂಡಿಸುತ್ತದೆ. ಕಂಡಿಕೆ ತೀರಿ, ಮಗ್ಗ ತಾನಾಗಿ ನಿಲ್ಲದೆ ಹೋದರೆ, ಲಾಳಿ ಬರಿದೇ ಓಡುತ್ತಿರುತ್ತದೆ. ಸಪ್ಪಳ ಅದೇ, ವೇಗ ಅದೇ, ದೂರದಿಂದ ನೋಡಿದವರಿಗೆ ಕೆಲಸ ಭರದಿಂದ ನಡೆದಂತೆಯೇ ಕಾಣುತ್ತದೆ. ಬಟ್ಟೆ ಮಾತ್ರ ಆಗುತ್ತಿರುವುದಿಲ್ಲ. ಬರೀ ಹಾಸು, ಹೊಕ್ಕಿಲ್ಲ. ಯೋಬ ಅತ್ತದ್ದು ಅದಕ್ಕೆ ಇರಬೇಕು ಎಂದ ಆ ತರುಣ. ಕೂಲಿ ಮುಗಿದ ಮೇಲೆ ಮಗ್ಗದ ಬದಿಗೇ ಒಂದೆರಡು ನಿಮಿಷ ಕೂತು ಪ್ರಾರ್ಥಿಸುವುದನ್ನು ಅವನು ಆಗಿನಿಂದ ಹಿಡಿದಿದ್ದಾನೆ. ಏನು ಬೇಡಿಕೊಳ್ಳುತ್ತಾನೆಂದು ನಾನು ಕೇಳಿಲ್ಲ.

ಯೋಹಾನನ ಸುವಾರ್ತೆಯಲ್ಲಿ ಶಿಲುಬೆಯ ಕೆಳಗೆ ಸಿಪಾಯಿಗಳು ಯೇಸುವಿನ ಬಟ್ಟೆ ಹಂಚಿಕೊಳ್ಳುತ್ತಾರೆ. ಒಳಂಗಿಗೆ ಬಂದಾಗ ನಿಲ್ಲುತ್ತಾರೆ. ಅದಕ್ಕೆ ಹೊಲಿಗೆಯಿಲ್ಲ, ಮೇಲಿಂದ ಕೆಳಗಿನವರೆಗೆ ಒಂದೇ ನೇಯ್ಗೆ. ಹರಿಯಲು ಮನಸ್ಸು ಬಾರದೆ ಚೀಟಿ ಹಾಕುತ್ತಾರೆ. ಇಳಕಲ್ ಸೀರೆ ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಈ ಜಾಗ ದಾಟಿ ಮುಂದೆ ಹೋಗಲಾಗುವುದಿಲ್ಲ. ಆ ಸೀರೆಯ ಒಡಲ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಎಳೆ ಎಳೆಯಾಗಿ ಕೂಡಿಸುವ ಕಷ್ಟ ಅವರಿಗೆ ಗೊತ್ತು. ಕಂಡಿಕೆ ಸುತ್ತುವ ಅಕ್ಕ ಒಮ್ಮೆ ಕೇಳಿದಳು: ಆ ಅಂಗಿ ನೇಯ್ದವರು ಯಾರು? ಅಷ್ಟು ದಿನ ಕೂತು ನೇಯ್ದು ಕೊಟ್ಟವರಿಗೆ ಅದು ಎಲ್ಲಿಗೆ ಹೋಗಿ ಮುಟ್ಟಿತೆಂದು ತಿಳಿದಿತ್ತೇ? ಕೊಂದವರ ಕೈಯೂ ಹರಿಯಲಾರದೆ ನಿಂತಿತಲ್ಲ, ಅಂಥ ಕೆಲಸ ಅದು ಎಂದು ಹೇಳಿ ಅವಳು ಕಣ್ಣೊರೆಸಿಕೊಂಡಳು. ಕೈಕೆಲಸದ ಗೌರವವನ್ನು ಇಷ್ಟು ಹತ್ತಿರದಿಂದ ತೋರಿಸಿದ ಪ್ರವಚನ ನಾನು ಕೇಳಿಲ್ಲ.

ಒಳ್ಳೆಯ ಸಮಾರ್ಯದವನ ಸಾಮ್ಯ ಎಲ್ಲರಿಗೂ ಗೊತ್ತಿರುವುದು. ದಾರಿಯಲ್ಲಿ 'ಕಳ್ಳರ ಕೈಗೆ ಸಿಕ್ಕು ಬಿದ್ದವನನ್ನು' ದೊಡ್ಡವರೆನಿಸಿಕೊಂಡವರು ಕಂಡೂ ಕಾಣದಂತೆ ದಾಟಿ ಹೋಗುತ್ತಾರೆ. ಜಾತಿ ಬೇರೆಯೆಂದು ದೂರವಿಟ್ಟ ಸಮಾರ್ಯದವನು ಎತ್ತಿ ಒಯ್ದು ಗಾಯ ಕಟ್ಟುತ್ತಾನೆ. ನಮ್ಮ ಕಡೆ ಈ ಕಥೆಯೊಂದಿಗೆ ಮಿರಜಿನ ಹೆಸರು ತಾನಾಗಿ ಬರುತ್ತದೆ. ಜಮಖಂಡಿಯಂತೆ ಮಿರಜವೂ ಪಟವರ್ಧನರ ಸಂಸ್ಥಾನವಾಗಿತ್ತು. ಅಲ್ಲಿ ಡಾಕ್ಟರ್ ವಾನ್ಲೆಸ್ 1894ರಲ್ಲಿ ತೆರೆದ ಮಿಷನ್ ದವಾಖಾನೆಗೆ ನಮ್ಮ ಸುತ್ತಿನ ಊರುಗಳಿಂದ ಗಾಡಿ ಕಟ್ಟಿಕೊಂಡು, ರೈಲು ಹತ್ತಿ, ಬಸ್ಸಿನಲ್ಲಿ ರೋಗಿಗಳನ್ನು ಒಯ್ದ ತಲೆಮಾರುಗಳಿವೆ. ಕಾಯಿಲೆ ಕೈಮೀರಿದರೆ "ಮಿರ್ಜಿಗೆ ಒಯ್ರಿ" ಎನ್ನುವ ಮಾತು ಈಗಲೂ ಹಳಬರ ಬಾಯಲ್ಲಿದೆ.

ನರ್ಸಬಾಯಿ ಆ ಸಾಮ್ಯದಲ್ಲಿ ಹಿಡಿದದ್ದು ಕೊನೆಯ ಭಾಗವನ್ನು. ಸಮಾರ್ಯದವನು ಛತ್ರದವನ ಕೈಗೆ ಎರಡು ದಿನಾರ ಕೊಡುತ್ತಾನೆ, ಅಂದರೆ ಎರಡು ದಿನದ ಕೂಲಿ. ಮೇಲೆ ಖರ್ಚಾದರೆ ತಿರುಗಿ ಬರುವಾಗ ತೀರಿಸುವೆನೆನ್ನುತ್ತಾನೆ. ಅಂದರೆ ಉದ್ರಿ ಹಚ್ಚಿ ಹೋಗುತ್ತಾನೆ. ಛತ್ರದವನು ಒಪ್ಪುತ್ತಾನೆ. "ಗುರುತಿಲ್ಲದವಗ ಯಾರ್ ಉದ್ರಿ ಕೊಡ್ತಾರ ಸರ್? ಅಂವಾ ಆ ಹಾದ್ಯಾಗ ಅಡ್ಯಾಡಾಂವ, ಕೊಟ್ಟ ಮಾತು ತೀರಿಸಾಂವ ಅಂತ ಛತ್ರದವಗ ಗೊತ್ತಿತ್ತು" ಎಂದಳು ಆಕೆ. ದವಾಖಾನೆಯಲ್ಲಿ ದುಡಿಯುವವಳಿಗೆ ಔಷಧಿ ಅಂಗಡಿಯ ಮುಂದೆ ಚೀಟಿ ಹಿಡಿದು ನಿಂತವರ ಮುಖ ಗೊತ್ತು. ಆ ದಿನದ ಕರುಣೆ ಒಂದೇ ಸಾಲದು, ವರ್ಷಗಟ್ಟಲೆ ನಂಬಿಗಸ್ತನಾಗಿ ನಡೆದುಕೊಂಡ ಹೆಸರೂ ಬೇಕು, ಆ ಹೆಸರನ್ನು ಇನ್ನೊಬ್ಬರಿಗಾಗಿ ಅಡವಿಡಬೇಕು ಎಂದು ಆಕೆ ಓದಿಕೊಂಡಳು. ತನ್ನ ಗುರುತಿನ ಔಷಧಿ ಅಂಗಡಿಯಲ್ಲಿ ಗತಿಯಿಲ್ಲದವರ ಚೀಟಿ ಬಂದರೆ ತನ್ನ ಹೆಸರಿಗೆ ಬರೆಯಲು ಹೇಳಿಟ್ಟಿದ್ದಾಳೆಂದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ, ಅದೂ ಬೇರೆಯವರಿಂದ.

ಎಲ್ಲ ಓದೂ ಹೀಗೆ ಸಲೀಸಾಗಿ ಸಾಗುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ದಂಡೆಯ ಊರುಗಳೊಳಗೆ ನುಗ್ಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಅದಾದ ಮೇಲೆ ಒಂದು ಕೂಟದಲ್ಲಿ ಮತ್ತಾಯನ ಏಳನೆಯ ಅಧ್ಯಾಯ ಬಂತು. ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತ, ಮರಳಿನ ಮೇಲೆ ಕಟ್ಟಿದ ಬುದ್ಧಿಗೇಡಿ, ಮಳೆ ಹೊಯ್ದು ಹೊಳೆ ಬಂದು ಒಂದು ನಿಂತಿತು, ಒಂದು ಬಿತ್ತು. ನದಿ ದಂಡೆಯ ಊರಲ್ಲಿ ಮಣ್ಣಿನ ಗೋಡೆ ಕುಸಿದು ಮನೆ ಕಳೆದುಕೊಂಡ ಒಬ್ಬ ಕೂಲಿಕಾರ ಅಂದು ಬಂದಿದ್ದ. "ಹಂಗಾದ್ರ ನಾ ಬುದ್ಧಿಗೇಡಿ ಏನ್ರಿ ಮಾಸ್ತರ? ನನಗ ಇದ್ದದ್ದ ಆ ಜಾಗಾ" ಎಂದ. ನನ್ನ ಬಾಯಿಗೆ ಮಾತು ಬರಲಿಲ್ಲ. ಮನೆ ಬಿದ್ದವನ ಮುಂದೆ ಆ ಸಾಮ್ಯವನ್ನು ಗಟ್ಟಿಯಾಗಿ ಓದುವುದೇ ಒಂದು ಪರೀಕ್ಷೆ. ಯೇಸು ಅಲ್ಲಿ ಕೇಳಿದ್ದನ್ನು ನಡೆಸುವವನ, ಕೇಳಿ ಸುಮ್ಮನಿರುವವನ ಮಾತಾಡುತ್ತಿದ್ದಾನೆ, ಬಡವನ ನಿವೇಶನದ ಮಾತಲ್ಲ ಎಂದು ನಿಧಾನವಾಗಿ ಹೇಳಿದೆ. ಅದು ನಿಜವೇ. ಆದರೆ ಅವನ ಪ್ರಶ್ನೆ ಅದರಿಂದ ತೀರುವುದಿಲ್ಲ. ಕೇಳಿದ್ದನ್ನು ನಡೆಸುವವರು ನಾವಾಗಿದ್ದರೆ ಅವನಿಗೆ ಎತ್ತರದಲ್ಲಿ ಜಾಗ ಸಿಗುವಂತೆ ಏನಾದರೂ ಮಾಡಬೇಕಿತ್ತು. ಅರ್ಜಿ ಬರೆದುಕೊಡುವುದು, ಕಾಗದಪತ್ರ ಕೂಡಿಸುವುದು, ಕಚೇರಿಗೆ ಜೊತೆಗೆ ಹೋಗುವುದು ಅಂದಿನಿಂದ ನಮ್ಮ ಕೂಟದ ಕೆಲಸವಾಗಿದೆ.

ಬೀಳಗಿ ಕಡೆಯ ಮನೆಗಳಲ್ಲಿ ಯೆರೆಮೀಯನನ್ನು ಓದುತ್ತೇವೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಆ ತಾಲ್ಲೂಕಿನ ಊರುಗಳನ್ನು ನುಂಗಿತು. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಇನ್ನೂ ತಲೆಯ ಮೇಲೆ ತೂಗುತ್ತಿದೆ. ಪುನರ್ವಸತಿ ಕೇಂದ್ರದ ಹೊಸ ಮನೆಯಲ್ಲಿ ವರ್ಷಗಟ್ಟಲೆ ಇದ್ದರೂ 'ನಮ್ಮೂರು' ಎಂದರೆ ಅವರಿಗೆ ನೀರೊಳಗಿನದೇ. ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಬರೆದ ಓಲೆ ಅಂಥ ಪಡಸಾಲೆಯಲ್ಲಿ ಓದಿದಾಗ ಗಂಟಲು ಕಟ್ಟುತ್ತದೆ. ಮನೆ ಕಟ್ಟಿಕೊಂಡು ಇರಿ, ತೋಟ ಮಾಡಿ ಅದರ ಫಲ ಉಣ್ಣಿರಿ, ಮಕ್ಕಳ ಮದುವೆ ಮಾಡಿರಿ, ಇರುವ ಊರಿನ ಕ್ಷೇಮಕ್ಕಾಗಿ ಬೇಡಿಕೊಳ್ಳಿರಿ ಎಂಬ ಅರ್ಥದ ಓಲೆ ಅದು. ಇಲ್ಲೇನು ನೆಡುವುದು ಎಂದು ಹಿತ್ತಿಲು ಖಾಲಿ ಬಿಟ್ಟಿದ್ದ ಒಂದು ಮನೆಯಲ್ಲಿ ಈಗ ಲಿಂಬಿಗಿಡವೂ ನುಗ್ಗೆಯೂ ಇವೆ. ಹೋದಾಗೆಲ್ಲ ನುಗ್ಗೆಕಾಯಿ ಕಟ್ಟಿಕೊಡುತ್ತಾರೆ.

ಸದ್ಯ ನಮ್ಮ ಕೂಟ ಮತ್ತಾಯನ ಇಪ್ಪತ್ತನೆಯ ಅಧ್ಯಾಯದಲ್ಲಿ ನಿಂತಿದೆ. ದ್ರಾಕ್ಷಿ ತೋಟದ ಯಜಮಾನ ಮುಂಜಾನೆ ಬಂದವರಿಗೂ ಸಂಜೆ ಒಂದೇ ತಾಸು ದುಡಿದವರಿಗೂ ಒಂದೇ ಕೂಲಿ ಕೊಡುತ್ತಾನೆ. ನೇಯ್ದ ಸೀರೆಯ ಲೆಕ್ಕದಲ್ಲಿ ಮಜೂರಿ ಎಣಿಸುವ ಊರಿನಲ್ಲಿ ಇದು ಸುಮ್ಮನೆ ಕೇಳಿ ಮುಗಿಸುವ ಕಥೆಯಲ್ಲ. ನಾಲ್ಕು ಮಗ್ಗದ ಮಾಲಕರು ಒಳ್ಳೆಯವರು. ಸೂರ್ಯ ಮುಳುಗುವ ಮುಂಚೆ ಕೂಲಿ ಕೊಡಬೇಕೆಂಬ ಧರ್ಮೋಪದೇಶಕಾಂಡದ ಕಟ್ಟಳೆ ಓದಿದ ಮೇಲೆ, ಸಂತೆಯ ಹಿಂದಿನ ರಾತ್ರಿ ತಡವಾಗಿ ಮಾಡುತ್ತಿದ್ದ ಬಟವಾಡೆಯನ್ನು ಮಧ್ಯಾಹ್ನಕ್ಕೇ ತಂದವರು. ಹೆಣ್ಣುಮಕ್ಕಳಿಗೆ ಬೆಳಕಿರುವಾಗಲೇ ರೊಕ್ಕ ಕೈಗೆ ಬರತೊಡಗಿತು. ಆದರೆ ಈ ಯಜಮಾನನನ್ನು ಮಾತ್ರ ಅವರು ಒಪ್ಪಲಿಲ್ಲ.

"ಹಂಗ ಕೊಟ್ರ ನಾಳೆ ಮುಂಜಾನೆ ಯಾರ್ ಬರ್ತಾರ್ರಿ? ಎಲ್ಲಾರೂ ಸಂಜಿಗೇ ಬರ್ತಾರ." ಒಕ್ಕಲಿಗರು ಅವರ ಪಕ್ಷ. ಮಗ್ಗದ ತರುಣನೂ ಬಿಸಿಲುಂಡವರಿಗೆ ಅನ್ಯಾಯವಾಯಿತೆಂದ.

ಕಂಡಿಕೆ ಸುತ್ತುವ ಅಕ್ಕ ಕೈಯೊಳಗಿನ ನೂಲು ಬಿಡದೆ ಕೇಳಿದಳು: "ಸಂಜೀತನಕ ಚೌಕದಾಗ ನಿಂತಾಂವ ಯಾಕ ನಿಂತಿದ್ದ ಅಣ್ಣಾರ? ಮೈಗಳ್ಳ ಅಂತೇನು? ಯಾರೂ ಕರೀಲಿಲ್ಲ ಅಂತ ಅಂವನ ಹೇಳ್ಯಾನಲ್ಲ. ಅವನ ಮನ್ಯಾಗೂ ರಾತ್ರಿ ಒಲಿ ಹೂಡಬೇಕಲ್ಲ, ಒಂದ ತಾಸಿನ ಕೂಲ್ಯಾಗ ಎಷ್ಟ ಹಿಟ್ಟ ಬರ್ತೈತಿ?"

ಮಾಲಕರು ಅದಕ್ಕೂ ಉತ್ತರ ಕೊಟ್ಟರು. ನೂಲಿನ ದರ, ಕರೆಂಟಿನ ಬಿಲ್ಲು, ಮಾರಾಟವಾಗದೆ ಉಳಿದ ಸೀರೆಗಳ ಲೆಕ್ಕ ತೆಗೆದರು. ಅವರ ಲೆಕ್ಕವೂ ಸುಳ್ಳಲ್ಲ. ಆಯಿ ಈ ಸಲ ಯಾರ ಪಕ್ಷವನ್ನೂ ಹಿಡಿಯಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು, ಓಣಿಯ ಮಗ್ಗಗಳೆಲ್ಲ ಶುರುವಾದವು, ತರುಣ ಎದ್ದು ಹೋದ. ಮುಂದಿನ ವಾರದ ಕೂಟ ಮಾಲಕರ ಮನೆಯಲ್ಲಿ. ಇಪ್ಪತ್ತೊಂದನೆಯ ಅಧ್ಯಾಯಕ್ಕೆ ಹೋಗೋಣವೇ ಎಂದು ಕೇಳಿದ್ದಕ್ಕೆ ಅವರು ಬೇಡವೆಂದರು. ಇಪ್ಪತ್ತನೆಯದನ್ನೇ ಮತ್ತೊಮ್ಮೆ ಓದಬೇಕಂತೆ, ಅಕ್ಕ ತಪ್ಪದೆ ಬರಬೇಕಂತೆ.